ಉತಾರದಾಗ ಇಲ್ಲದವರ ಬರ

ನಮ್ಮ ಸೀಮೆಯ ಚರಿತ್ರೆ ಬರೆದವರು ದೇಸಾಯರ ವಾಡೆಗಳ ಬಗ್ಗೆ ಬರೆದರು, ಮಠ-ಬಸದಿಗಳ ಬಗ್ಗೆ ಬರೆದರು, ಗಡಿ ತಂಟೆಯ ಬಗ್ಗೆಯಂತೂ ಕೈ ನೋಯುವ ತನಕ ಬರೆದರು. ಮಳೆಯ ಬಗ್ಗೆ ಬರೆಯುವಾಗ ಮಾತ್ರ ಗೆಜೆಟಿಯರಿನ ಒಂದು ಕೋಷ್ಟಕ ತೆಗೆದು, ಇಂಚಿನ ಲೆಕ್ಕ ಕೊಟ್ಟು ಕೈ ತೊಳೆದುಕೊಂಡರು. ಕವಿಗಳು ಬರೆದರು, ನಿಜ. ಅವರಿಗೆ ಮಳೆ ಅಂದರೆ ಮಣ್ಣಿನ ವಾಸನೆ, ಕಿಟಕಿಯಾಚೆಯ ಹಸಿರು, ಅಗಲಿದ ಪ್ರೇಯಸಿಯ ನೆನಪು. ನಮ್ಮ ಅವ್ವಂದಿರಿಗೆ ಮಳೆ ಅಂದರೆ ಕೂಲಿ ಇಲ್ಲದ ದಿನ. ಮಳೆ ಇಲ್ಲ ಅಂದರೂ ಕೂಲಿ ಇಲ್ಲದ ದಿನವೇ. ಜಡಿ ಹಿಡಿದರೆ ಹೊಲ ಕೆಸರು, ಕೆಲಸಕ್ಕೆ ಕರೆಯುವವರಿಲ್ಲ. ಬಿಸಿಲು ಹಿಡಿದರೆ ಹೊಲ ಬೀಳು, ಆಗಲೂ ಕರೆಯುವವರಿಲ್ಲ. ಒಕ್ಕಲಿಗನಿಗೆ ಕೆಟ್ಟ ಮಳೆ ಒಂದು, ಒಳ್ಳೆ ಮಳೆ ಒಂದು. ಕೂಲಿಯವನಿಗೆ ಕೆಟ್ಟ ಮಳೆಗಳು ಎರಡು.

ಈ ಲೆಕ್ಕ ಯಾವ ಕೋಷ್ಟಕದಲ್ಲೂ ಇಲ್ಲ. ಯಾಕಿಲ್ಲ ಎಂದು ಕೇಳುವುದೇ ಈ ಲೇಖನದ ಕೆಲಸ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಬರ-ನೆರೆಗಳ ಹೊಡೆತವನ್ನು ಅಳೆಯುವ ಕೋಲು ಮೊದಲಿನಿಂದಲೂ ಒಂದೇ, ಹೊಲದ ಉತಾರ. ಉತಾರದಾಗ ಹೆಸರಿದ್ದವನ ಬರ ಸರಕಾರದ ದಫ್ತರಿನಲ್ಲಿ ಬರ. ಉತಾರದಾಗ ಹೆಸರಿಲ್ಲದವನ ಬರ ಅವನ ಹೊಟ್ಟೆಯೊಳಗಿನ ಸಂಗತಿ, ಅಷ್ಟೆ.

ಒಂದೇ ಆಕಾಶ, ಬೇರೆ ಬೇರೆ ಮಳೆ

ಮೊದಲು ನೆಲವನ್ನು ನೋಡೋಣ. ಕಾಗವಾಡ ಮೊನ್ನೆ ಮೊನ್ನೆಯ ತನಕ ಅಥಣಿಯ ಹೊಟ್ಟೆಯೊಳಗಿತ್ತು, ನಿಪ್ಪಾಣಿ ಚಿಕ್ಕೋಡಿಯ ಹೊಟ್ಟೆಯೊಳಗಿತ್ತು. ತಾಲೂಕು ಐದಾದರೂ ಸೀಮೆ ಒಂದೇ. ಪಡುವಣಕ್ಕೆ ಸಹ್ಯಾದ್ರಿ ಗೋಡೆಯ ಹಾಗೆ ನಿಂತಿದೆ. ಅರಬ್ಬೀ ಸಮುದ್ರದಿಂದ ಬರುವ ಮೋಡ ಅಲ್ಲಿ ಎಡವಿ ತನ್ನ ಹೊರೆಯನ್ನೆಲ್ಲ ಇಳಿಸಿಬಿಡುತ್ತದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಘಟ್ಟ ಇಳಿದು ಮೂಡಣಕ್ಕೆ ಬಂದಂತೆ ಮೋಡದ ಚೀಲ ಬರಿದಾಗುತ್ತ ಬರುತ್ತದೆ. ನಿಪ್ಪಾಣಿಯಲ್ಲಿ ಇನ್ನೂ ಮಲೆನಾಡಿನ ಗಾಳಿ ಸುಳಿಯುತ್ತದೆ. ಚಿಕ್ಕೋಡಿ ನಡುವಿನ ನೆಲ. ಕೃಷಿ ಇಲಾಖೆಯವರು ಅದನ್ನು ಉತ್ತರದ ಪರಿವರ್ತನಾ ವಲಯ ಎನ್ನುತ್ತಾರೆ. ರಾಯಬಾಗ, ಅಥಣಿ ಬಂದರೆ ಉತ್ತರದ ಒಣ ವಲಯ. ಅಥಣಿಯ ಪಾಲಿಗೆ ಸಿಗುವುದು ವರ್ಷಕ್ಕೆ 500ರಿಂದ 600 ಮಿಲಿಮೀಟರ್. ಬಸ್ಸಿನಲ್ಲಿ ಎರಡು-ಮೂರು ತಾಸಿನ ದಾರಿಯಲ್ಲಿ ಆಕಾಶ ಇಷ್ಟು ಬದಲಾಗುತ್ತದೆ.

ಇದು ಮನೆಗಳ ನೆತ್ತಿಯ ಮೇಲೂ ಕಾಣುತ್ತದೆ. ಪಡುವಣದ ಊರುಗಳಲ್ಲಿ ಇಳಿಜಾರು ಹಂಚಿನ ಮನೆ, ಅಥಣಿ ಕಡೆ ಮಣ್ಣಿನ ಮಾಳಿಗೆ. ಮಾಳಿಗೆ ಅಂದರೆ ಮಳೆ ಹೆಚ್ಚು ಬಾರದು ಎಂಬ ನಂಬಿಕೆಯ ಮೇಲೆ ಕಟ್ಟಿದ ಮನೆ. ಆ ನಂಬಿಕೆ ಸುಳ್ಳಾದ ವರ್ಷ ಗೋಡೆ ಕುಸಿಯುತ್ತದೆ. ಕಲ್ಲು-ಗಚ್ಚಿನ ವಾಡೆ ಕುಸಿಯುವುದಿಲ್ಲ, ಮಣ್ಣಿನ ಗೋಡೆಯೇ ಕುಸಿಯುತ್ತದೆ.

ಮಳೆಯ ಹೊತ್ತೂ ಬೇರೆ. ಪಡುವಣಕ್ಕೆ ಮಿರಗ, ಆರಿದ್ರ, ಪುನರ್ವಸು ಮಳೆಗಳೇ ಜೀವ. ಅಥಣಿಯ ಎರೆಹೊಲಕ್ಕೆ ಉತ್ತರಿ, ಹಸ್ತದ ಮಳೆ ಬೇಕು. ಆಗಲೇ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿ ಬಿತ್ತುವ ಕಾಲ. ಎರೆಭೂಮಿ ಆ ನೀರನ್ನು ಒಡಲಲ್ಲಿ ಹಿಡಿದಿಟ್ಟು ಚಳಿಗಾಲದ ಉದ್ದಕ್ಕೂ ಬೆಳೆಗೆ ಉಣಿಸುತ್ತದೆ. ಮಡ್ಡಿ ಹೊಲಕ್ಕೆ ಆ ಗುಣವಿಲ್ಲ, ಮಳೆ ನಿಂತ ವಾರಕ್ಕೆ ಬಾಯಿ ಬಿಡುತ್ತದೆ. ಈಗ ಕೇಳಬೇಕಾದ ಪ್ರಶ್ನೆ: ಎರೆ ಯಾರಿಗೆ ಬಂತು, ಮಡ್ಡಿ ಯಾರಿಗೆ ಬಂತು? ಕೇರಿಯ ಜನಕ್ಕೆ ಜಮೀನು ಅಂತ ಸಿಕ್ಕಿದ್ದರೆ ಅದು ಬಹುಮಟ್ಟಿಗೆ ಊರ ಕಡೆಯ ಮಡ್ಡಿ, ಗಾಯರಾಣದ ಅಂಚು. ಒಂದೇ ಮಳೆ ಬಿದ್ದರೂ ಎರಡು ಹೊಲಗಳಲ್ಲಿ ಎರಡು ಮಳೆ ಆಗುವುದು ಹೀಗೆ. ಮೋಡಕ್ಕೆ ಜಾತಿ ಇಲ್ಲ. ಅದು ಬೀಳುವ ನೆಲಕ್ಕೆ ಇದೆ.

ದಾಮಾಜಿಯ ಕಣಜ

ಹಳೆಯ ಬರಗಳ ನೆನಪು ನಮ್ಮಲ್ಲಿ ಕಥೆಯಾಗಿ ಉಳಿದಿದೆ. ಅಥಣಿಯಿಂದ ಉತ್ತರಕ್ಕೆ ಹೋದರೆ ಮಂಗಳವೇಢೆ. ಬಸವಣ್ಣ ಭಂಡಾರಿಯಾಗಿದ್ದ ಊರು ಎಂದು ಕನ್ನಡದವರಿಗೆ ಗೊತ್ತು. ಹದಿನೈದನೆಯ ಶತಮಾನದಲ್ಲಿ ಅಲ್ಲಿ ಬಹಮನಿ ಸುಲ್ತಾನರ ಅಧಿಕಾರಿಯಾಗಿದ್ದ ದಾಮಾಜಿಪಂತ ಬರಗಾಲದಲ್ಲಿ ಸರಕಾರಿ ಕಣಜ ತೆರೆದು ಜನಕ್ಕೆ ಹಂಚಿದನಂತೆ. ಸುಲ್ತಾನ ಶಿಕ್ಷೆಗೆ ಎಳೆದಾಗ ಪಂಢರಪುರದ ವಿಠ್ಠಲನೇ ವಿಠೂ ಎಂಬ ಮಹಾರನ ವೇಷ ಹಾಕಿ, ಬಿದರೆಗೆ ಹೋಗಿ ಕಾಳಿನ ಬಾಕಿ ಚುಕ್ತಾ ಮಾಡಿ ಬಂದನಂತೆ.

ಕಥೆ ಚೆನ್ನಾಗಿದೆ. ಆದರೆ ಬಗೆದು ನೋಡಿದರೆ ಒಳಗೆ ಏನಿದೆ? ಊರ ಹಣವನ್ನು ಹೊತ್ತು ರಾಜಧಾನಿಗೆ ಮುಟ್ಟಿಸುವುದು ಮಹಾರನ ವತನದ ಬಿಟ್ಟಿ ಕೆಲಸ. ಆದ್ದರಿಂದಲೇ ದೇವರಿಗೂ ಆ ವೇಷ ಬೇಕಾಯಿತು. ದೇವರು ಮಹಾರನ ವೇಷ ಹಾಕಬಹುದು, ಮಹಾರ ದೇವರ ಗುಡಿಯ ಹೊಸ್ತಿಲು ತುಳಿಯುವಂತಿಲ್ಲ. ಪಂಢರಪುರದ ಗುಡಿಯ ಬಾಗಿಲು ನಮಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಅದೇ ಮಂಗಳವೇಢೆಯಲ್ಲಿ ದಾಮಾಜಿಗಿಂತ ನೂರು ವರ್ಷ ಮೊದಲು, 1338ರಲ್ಲಿ, ಮಹಾರ ಸಂತ ಚೋಖಾಮೇಳ ಊರಗೋಡೆ ಕಟ್ಟುವಾಗ ಗೋಡೆ ಕುಸಿದು ಸತ್ತ. ಕಣಜ ತೆರೆದವನ ಹೆಸರು ಬರಗಾಲಕ್ಕೇ ಅಂಟಿ ಉಳಿಯಿತು. ಆ ಕಣಜದ ಮುಂದೆ ಯಾವ ಕೇರಿಯವರು ಎಷ್ಟು ದೂರ ನಿಂತಿದ್ದರು, ಅವರ ಸೆರಗಿಗೆ ಕಾಳು ಬಿತ್ತೋ ಇಲ್ಲವೋ, ಕಥೆ ಹೇಳುವುದಿಲ್ಲ.

1791-92ರಲ್ಲಿ ಡೋಗಿ ಬರ ಬಂತು. ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಉಳಿದವು, ಅದಕ್ಕೇ ಬುರುಡೆಯ ಬರ ಎಂದು ಹೆಸರು. ಈ ಬರಕ್ಕೂ, ಮುಂದಿನ 1876-78ರ ಮಹಾ ಬರಕ್ಕೂ, 1899ರದಕ್ಕೂ, 1972ರದಕ್ಕೂ, 2023ರದಕ್ಕೂ ಒಂದು ನಂಟಿದೆ ಎಂದು ಈಗಿನ ವಿಜ್ಞಾನ ಹೇಳುತ್ತದೆ. ದಕ್ಷಿಣ ಅಮೇರಿಕದ ಪೆರು ದೇಶದ ಕಡಲ ಬದಿಯಿಂದ ಶಾಂತ ಸಾಗರದ ನಡುವಿನವರೆಗೆ ನೀರು ಮಾಮೂಲಿಗಿಂತ ಬೆಚ್ಚಗಾಗುತ್ತದೆ. ಅದಕ್ಕೆ ಎಲ್ ನಿನೊ ಎನ್ನುತ್ತಾರೆ. ಅಲ್ಲಿ ನೀರು ಕಾದರೆ ಗಾಳಿಯ ದಿಕ್ಕು-ದೆಸೆ ಬದಲಾಗಿ ಇಲ್ಲಿ ಮುಂಗಾರು ಸೊರಗುತ್ತದೆ. ಎಲ್ಲ ಎಲ್ ನಿನೊ ವರ್ಷವೂ ಬರವಲ್ಲ, ಆದರೆ ದೊಡ್ಡ ಬರಗಳಲ್ಲಿ ಬಹಳಷ್ಟರ ಹಿಂದೆ ಅದರ ನೆರಳಿದೆ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ, ಮಹಾ ಬರದ ಹಿಂದಿನ ವರ್ಷ. 1904ರಿಂದ 1924ರ ತನಕ ಅದರ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್ ನಮ್ಮ ಮುಂಗಾರನ್ನು ಮುಂಚಿತವಾಗಿ ಹೇಳಲು ಸಾಧ್ಯವೇ ಎಂದು ಹುಡುಕುತ್ತ ಹೋಗಿಯೇ ಸಮುದ್ರದಾಚೆಯ ಗಾಳಿಯೊತ್ತಡದ ಈ ಜೋಕಾಲಿಯನ್ನು ಗುರುತಿಸಿದ. ಪಾಪ ಹೆಚ್ಚಿತು ಅದಕ್ಕೆ ಮಳೆ ಹೋಯಿತು, ಹೊಲೆಯರು ಕೆರೆ ಮುಟ್ಟಿದರು ಅದಕ್ಕೆ ಮಳೆ ಹೋಯಿತು ಎಂದು ಹೇಳುತ್ತಿದ್ದ ಪಂಚಾಂಗಕ್ಕೆ ಇಷ್ಟು ಉತ್ತರ ಸಾಕು.

ಆದರೆ ಗೆಳೆಯರೆ, ವಿಜ್ಞಾನ ಮಳೆ ಯಾಕೆ ಹೋಯಿತು ಎಂದು ಹೇಳುತ್ತದೆ. ಜನ ಯಾಕೆ ಸತ್ತರು ಎಂದು ಹೇಳಲು ಚರಿತ್ರೆಯೇ ಬೇಕು.

ಒಂದು ಪೌಂಡ್ ಕಾಳು

1876ರಲ್ಲಿ ಮುಂಗಾರು ಕೈಕೊಟ್ಟಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು, ಅದರಲ್ಲೂ ಆಗಿನ ಕಲಾದಗಿ ಜಿಲ್ಲೆ, ಅದರ ಮಗ್ಗುಲಿನ ಅಥಣಿ ಸೀಮೆ ಒಣಗಿ ಹೋದವು. 1878ರ ಹೊತ್ತಿಗೆ ಬ್ರಿಟಿಷ್ ಆಳ್ವಿಕೆಯ ನಾಡಿನಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಮೇಲೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಅದೇ ಹೊತ್ತಿನಲ್ಲಿ ಇಂಗ್ಲೆಂಡಿಗೆ ಸುಮಾರು 3 ಲಕ್ಷ 20 ಸಾವಿರ ಟನ್ ಗೋದಿ ಹಡಗು ಹತ್ತಿತು. ನಾಡಿನಲ್ಲಿ ಕಾಳಿತ್ತು, ಕೊಳ್ಳುವ ಕೈಯಲ್ಲಿ ಕಾಸಿರಲಿಲ್ಲ.

ಸರಕಾರ ಪರಿಹಾರ ಕಾಮಗಾರಿ ತೆರೆಯಿತು. ಬರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ ಹೀಗಿತ್ತು: ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಒಂದಾಣೆ ಕಾಸು. ಹೆಣ್ಣಾಳಿಗೂ ದುಡಿಯುವ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಒಂದು ಪೌಂಡ್ ಅಂದರೆ ಈಗಿನ ಅರ್ಧ ಕಿಲೋ ಕೂಡ ಇಲ್ಲ. ದಿನವಿಡೀ ಕಲ್ಲು ಒಡೆದು ಮಣ್ಣು ಹೊತ್ತವನಿಗೆ ಇಷ್ಟು. 1877ರ ಆರಂಭದಲ್ಲಿ ಮುಂಬಯಿ ಪ್ರಾಂತದ ಕಾಮಗಾರಿಗಳಿಂದ ಸಾವಿರ ಸಾವಿರ ಜನ ಗುದ್ದಲಿ ಬಿಸುಟು ಎದ್ದು ಹೋದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ಬರೆಯಿತು. ಹಸಿದವರು ಮುಷ್ಕರ ಹೂಡಿದ ಈ ಪ್ರಸಂಗ ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ನಮಗೆ ಯಾರೂ ಕಲಿಸಲಿಲ್ಲ.

ಅದೇ ವರ್ಷ ಜೋತಿಬಾ ಫುಲೆ, ಸಾವಿತ್ರಿಬಾಯಿ, ಅವರ ಸತ್ಯಶೋಧಕ ಗೆಳೆಯರು ಪುಣೆಯ ಬದಿಯ ಧನಕವಡಿಯಲ್ಲಿ ಬರಪೀಡಿತ ಮಕ್ಕಳಿಗೆ ಅನ್ನಕ್ಕೆ ದಾರಿ ಮಾಡಿದರು. ಏಪ್ರಿಲಿನಲ್ಲಿ ಓತೂರಿನಿಂದ ಸಾವಿತ್ರಿಬಾಯಿ ಗಂಡನಿಗೆ ಪತ್ರ ಬರೆದು ಅಲ್ಲಿಯ ಬರದ ಸ್ಥಿತಿ ತಿಳಿಸಿದರು. ಬರಗಾಲದ ಬಗ್ಗೆ ನಮಗೆ ಬೇಕಾದ ದಾಖಲೆ ಅಂದರೆ ಇಂಥದು. ಕಲೆಕ್ಟರನ ವರದಿಗೂ ಇದಕ್ಕೂ ಇರುವ ಅಂತರ, ಕುದುರೆಯ ಮೇಲಿಂದ ನೋಡಿದ್ದಕ್ಕೂ ನೆಲದ ಮೇಲೆ ನಿಂತು ನೋಡಿದ್ದಕ್ಕೂ ಇರುವ ಅಂತರ.

1880ರ ಬರ ಆಯೋಗ ಒಂದು ಸತ್ಯವನ್ನು ಒಪ್ಪಿಕೊಂಡಿತು: ಹಿಂದುಸ್ತಾನದ ಬರ ಕಾಳಿನ ಬರಕ್ಕಿಂತ ಮೊದಲು ಕೆಲಸದ ಬರ. ಮಳೆ ತಪ್ಪಿದೊಡನೆ ಹೊಲದ ಕೆಲಸ ನಿಲ್ಲುತ್ತದೆ, ಭೂಮಿ ಇಲ್ಲದ ಕೂಲಿಕಾರರೇ ಮೊದಲು ಬೀದಿಗೆ ಬೀಳುತ್ತಾರೆ. ಬರೆದದ್ದು ಸರಿ. ಆದರೆ ಪರಿಹಾರದಲ್ಲಿ ಕಂದಾಯದ ಮನ್ನಾ ಎಂಬುದು ಕಂದಾಯ ಕಟ್ಟುವವನಿಗೆ, ತಗಾವಿ ಸಾಲ ಎಂಬುದು ಹೊಲ ಒತ್ತೆ ಇಡಬಲ್ಲವನಿಗೆ. ಕೂಲಿಯವನಿಗೆ ಕಲ್ಲು ಒಡೆಯುವುದು. ಅಲ್ಲಿಂದ ಇಲ್ಲಿಯ ತನಕ ಈ ಮೂರು ದಾರಿಗಳೇ ನಡೆದು ಬಂದಿವೆ, ಹೆಸರು ಮಾತ್ರ ಬದಲಾಗಿದೆ.

ವತನ ಎಂಬ ಹಗ್ಗ

ನಮ್ಮ ಕೈಗೆ ಭೂಮಿ ಇರಲೇ ಇಲ್ಲವೆ? ಇತ್ತು, ಹಗ್ಗ ಕಟ್ಟಿದ ಭೂಮಿ. ಹೊಲೆಯ, ಮಹಾರ ಮುಂತಾದವರು ಊರ ಸೀಮೆ ಕಾಯಬೇಕು, ಹಾದಿ ತೋರಿಸಬೇಕು, ಡಂಗುರ ಸಾರಬೇಕು, ಕಂದಾಯದ ಗಂಟು ಹೊರಬೇಕು, ಸತ್ತ ದನ ಎಳೆಯಬೇಕು. ಅದಕ್ಕೆ ಪ್ರತಿಯಾಗಿ ತುಂಡು ವತನದ ಹೊಲ. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಮುಂಬಯಿ ಪ್ರಾಂತದಲ್ಲಿ ಇದನ್ನು ಕಾನೂನಿನ ಗಂಟಾಗಿ ಬಿಗಿಯಿತು. ಒಂದು ತುಂಡು ಹೊಲಕ್ಕೆ ಇಡೀ ಮನೆತನ ಹಗಲಿರುಳು ಸರಕಾರದ, ಊರಗೌಡನ ಆಳು.

ಬರಗಾಲದಲ್ಲಿ ಈ ವತನದ ಅರ್ಥ ಏನೆಂದು ಯೋಚಿಸಿ ನೋಡಿ. ಮಳೆ ತಪ್ಪಿದಾಗ ಊರಿನಲ್ಲಿ ಮೊದಲು ಸಾಯುವುದು ದನ. ಅದನ್ನು ಎಳೆಯಲು ಕರೆಯುವುದು ನಮ್ಮನ್ನು. ಆ ಸತ್ತ ದನವೇ ಕೇರಿಯ ಪಾಲಿನ ಬರ ಪರಿಹಾರ! ಅದನ್ನು ತಿಂದದ್ದಕ್ಕೆ ನಾವು ಹೊಲಸರು, ಅದನ್ನು ಎಳೆಯದಿದ್ದರೆ ನಾವು ಸೊಕ್ಕಿನವರು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ ಎಂದಾಗ ಅದು ಬರೀ ಶುಚಿಯ ಮಾತಾಗಿರಲಿಲ್ಲ. ಬರಗಾಲದ ಆ ಹಳೆಯ ಕರಾರನ್ನೇ ಹರಿದು ಹಾಕಿ ಎಂದದ್ದು.

ಈ ಸೀಮೆಗೆ ಆ ದನಿ ಇನ್ನೂ ಮೊದಲೇ ಬಂದಿತ್ತು. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದ್ದು. ಛತ್ರಪತಿ ಶಾಹೂ ಪಟ್ಟದ ಅಧಿಕಾರ ಹಿಡಿದದ್ದು 1894ರಲ್ಲಿ. ಎರಡೇ ವರ್ಷಕ್ಕೆ 1896-97ರ ಬರ, ಅದರ ಬೆನ್ನಿಗೆ ಪ್ಲೇಗು, ಆ ಬೆನ್ನಿಗೇ 1899-1900ರ ಬರ. ಶಾಹೂ ಅಗ್ಗದ ಕಾಳಿನ ಅಂಗಡಿ ತೆರೆಸಿದರು. 1902ರಲ್ಲಿ ಸರಕಾರಿ ನೌಕರಿಯ ಅರ್ಧಪಾಲನ್ನು ಹಿಂದುಳಿದವರಿಗೆ ಮೀಸಲಿಟ್ಟರು. 1918ರಲ್ಲಿ ಮಹಾರ ವತನದ ಬಿಟ್ಟಿಯನ್ನು ರದ್ದು ಮಾಡಿ ಹೊಲವನ್ನು ರಯತವಾರಿ ಮಾಡಿದರು. ಬರ ಎದುರಿಸುವುದಕ್ಕೆ ಕಾಳೂ ಬೇಕು, ಭೂಮಿಯೂ ಬೇಕು, ಕಚೇರಿಯ ಕುರ್ಚಿಯಲ್ಲಿ ನಮ್ಮವನೂ ಒಬ್ಬ ಬೇಕು. ಈ ಮೂರನ್ನೂ ಒಟ್ಟಿಗೆ ಯೋಚಿಸಿದ ದೊರೆ ಬೇರೊಬ್ಬ ಈ ಸೀಮೆಗೆ ಸಿಗಲಿಲ್ಲ.

1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ನಡೆಯಿತು. ಮಹಾಡದ ಚವದಾರ ಕೆರೆಗೆ ಎರಡು ವರ್ಷ ಮೊದಲು! 1928ರಲ್ಲಿ ಅವರು ಮುಂಬಯಿ ಶಾಸನಸಭೆಯಲ್ಲಿ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದರು. ಆದರೆ ಕರ್ನಾಟಕದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ಬೆಲೆ ಕಟ್ಟಿದವರಿಗೆ ಹೊಲದ ಮರುಮಂಜೂರಿ. ಬೆಲೆ ಕಟ್ಟಲು ಕಾಸೆಲ್ಲಿಂದ ಬರಬೇಕು? ಬರದ ವರ್ಷ ಒಂದು ಚೀಲ ಜೋಳಕ್ಕೆ ಹೆಬ್ಬೆಟ್ಟು ಒತ್ತಿದ ಹೊಲಗಳ ಸುದ್ದಿ ನಮ್ಮ ಪ್ರತಿ ಕೇರಿಯಲ್ಲೂ ಕೇಳಿ ಬರುತ್ತದೆ. ಹೀಗೆ ಕೈಬಿಟ್ಟ ಮಂಜೂರಿ ಭೂಮಿಗಳನ್ನು ಹಿಂದಕ್ಕೆ ಪಡೆಯಲು 1978ರಲ್ಲಿ ಪರಭಾರೆ ನಿಷೇಧ ಕಾಯ್ದೆ ಮಾಡಬೇಕಾಯಿತು ಎಂಬುದೇ ಆ ಕಳವಿಗೆ ಸಾಕ್ಷಿ. 1974ರ ದೇವರಾಜ ಅರಸರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು, ಅದು ದೊಡ್ಡ ಕೆಲಸವೇ. ಆದರೆ ಗೇಣಿಯ ಕಾಗದವೂ ಇಲ್ಲದ ಕೂಲಿಯವನು ಅರ್ಜಿ ಬರೆಯುವುದಾದರೂ ಯಾವ ಸರ್ವೆ ನಂಬರಿಗೆ?

ಎಪ್ಪತ್ತೆರಡರ ಬರ

ಈಗಲೂ ನಮ್ಮ ಮುದುಕರು ವಯಸ್ಸು ಹೇಳುವುದು ಬರಗಾಲದ ಲೆಕ್ಕದಿಂದ. "ಎಪ್ಪತ್ತೆರಡರ ಬರದಾಗ ನಾ ಇಷ್ಟುದ್ದ ಇದ್ನಿ" ಅಂತಾರೆ. 1970ರಿಂದಲೇ ಸೊರಗಿದ ಮಳೆ 1972ರಲ್ಲಿ ಪೂರಾ ಕೈಬಿಟ್ಟಿತು. ಆಚೆ ಸಾಂಗಲಿ, ಸೊಲ್ಲಾಪುರ, ಈಚೆ ಅಥಣಿ, ವಿಜಾಪುರ ಒಂದೇ ಕಾವಲಿಯ ಮೇಲೆ ಬೆಂದವು. ಹೊರದೇಶದ ಕೆಂಪು ಜೋಳ 'ಮಿಲೊ' ತಿಂದ ನೆನಪು ಎರಡೂ ಕಡೆಯ ಜನಕ್ಕಿದೆ. ಮಹಾರಾಷ್ಟ್ರದಲ್ಲಿ 1973ರ ಮೇ ತಿಂಗಳಲ್ಲಿ ಸುಮಾರು 50 ಲಕ್ಷ ಜನ ಬರಗಾಲದ ಕಾಮಗಾರಿಯಲ್ಲಿದ್ದರು. ಖಡಿ ಒಡೆದರು, ರಸ್ತೆ ಹಾಕಿದರು, ಕೆರೆ ತೋಡಿದರು.

ಆ ಬೆವರಿನಿಂದ ಒಂದು ಕಾನೂನು ಹುಟ್ಟಿತು. ಕೆಲಸ ಕೇಳಿದವನಿಗೆ ಕೆಲಸ ಕೊಡುವುದು ಸರಕಾರದ ಹೊಣೆ ಎಂಬ ಉದ್ಯೋಗ ಖಾತ್ರಿ ಯೋಜನೆ ಮಹಾರಾಷ್ಟ್ರದಲ್ಲಿ 1972ರಲ್ಲಿ ಶುರುವಾಗಿ 1977ರಲ್ಲಿ ಕಾಯ್ದೆಯಾಯಿತು. ಗಡಿಯ ಆಚೆಗೆ ಅದು ಹಕ್ಕಾದಾಗ ಈಚೆಗೆ ನಾವು ಇನ್ನೂ ಕಾಮಗಾರಿ ಯಾವಾಗ ತೆರೆಯುತ್ತದೆ ಎಂದು ತಾಲೂಕು ಕಚೇರಿಯ ಗಿಡದ ಕೆಳಗೆ ಕೂತಿದ್ದೆವು. ಭಾಷೆಯ ಗಡಿಗಾಗಿ ಕಲ್ಲು ತೂರಿದವರು ಯಾರೂ ಈ ಗಡಿಯ ಬಗ್ಗೆ ಮಾತಾಡಲಿಲ್ಲ. ದೇಶಕ್ಕೆಲ್ಲ ಅಂಥ ಕಾಯ್ದೆ ಬರಲು 2005 ಆಗಬೇಕಾಯಿತು.

ತಂಬಾಕು, ಕಬ್ಬು

ಮಳೆಯ ಭಯದಿಂದ ಬಿಡುಗಡೆ ಆಗಲು ಈ ಸೀಮೆ ಎರಡು ದಾರಿ ಹಿಡಿಯಿತು. ಒಂದು ನಿಪ್ಪಾಣಿಯ ತಂಬಾಕು, ಇನ್ನೊಂದು ಹೊಳೆದಂಡೆಯ ಕಬ್ಬು.

ಬೀಡಿ ತಂಬಾಕು ಮಳೆಯನ್ನು ನಂಬಿದ ಬೆಳೆ. ಮುಂಗಾರಿಗೆ ಸಸಿ ಮಡಿ, ಮಳೆಗಾಲದ ನಡುವೆ ನಾಟಿ, ಚಳಿಗಾಲದಲ್ಲಿ ಕೊಯ್ದು ಒಣಗಿಸುವುದು. ಒಣಗುವ ಹೊತ್ತಿಗೆ ಅಕಾಲಿಕ ಮಳೆ ಬಿದ್ದರೆ ಎಲೆಯ ಮೇಲಿನ ಅಂಟು ತೊಳೆದು ಹೋಗಿ ಸರಕು ಕೆಡುತ್ತದೆ, ದರ ಬೀಳುತ್ತದೆ. ಮೋಡದ ಹೊಡೆತ ತಿಂದ ರೈತನಿಗೆ ವ್ಯಾಪಾರಿಯ ಹೊಡೆತವೂ ಬಿತ್ತು. 1981ರಲ್ಲಿ ಶರದ ಜೋಶಿಯವರ ಮುಂದಾಳತ್ವದಲ್ಲಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಏಪ್ರಿಲಿನಲ್ಲಿ ಗೋಲಿಬಾರು ನಡೆದು ಹತ್ತಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ವರ್ಷವಷ್ಟೇ, 1980ರ ಜುಲೈನಲ್ಲಿ, ನರಗುಂದ-ನವಲಗುಂದದಲ್ಲಿ ರಕ್ತ ಹರಿದಿತ್ತು.

ಅದೇ ನಿಪ್ಪಾಣಿಯ ವಖಾರಗಳೊಳಗೆ ಇನ್ನೊಂದು ಹೋರಾಟ ನಡೆದಿತ್ತು. ತಂಬಾಕು ಬಡಿದು, ಜರಡಿ ಹಿಡಿದು, ಧೂಳು ನುಂಗಿ ಕೆಮ್ಮುವ ಹೆಣ್ಣಾಳುಗಳು ಸಂಘ ಕಟ್ಟಿದರು. ಯುಗಾಂತರ ಎಂಬ ಮಹಿಳಾ ತಂಡಕ್ಕಾಗಿ ದೀಪಾ ಧನರಾಜ್ ಅವರು 1982ರಲ್ಲಿ 'ತಂಬಾಕು ಚಾಕಿಲಾ ಊಬ ಆಲಿ' ಎಂಬ ಚಿತ್ರ ಮಾಡಿದ್ದು ಈ ಹೆಣ್ಣುಮಕ್ಕಳ ಜೊತೆಗೂಡಿಯೇ. ರೈತನ ದರದ ಹೋರಾಟವೂ ಬೇಕು, ವಖಾರದ ಅವ್ವನ ಕೂಲಿಯ ಹೋರಾಟವೂ ಬೇಕು. ಆದರೆ ಮಳೆ ಬಿದ್ದು ಎಲೆ ಕೆಟ್ಟಾಗ ರೈತನ ನಷ್ಟ ಪತ್ರಿಕೆಯಲ್ಲಿ ಬರುತ್ತದೆ. ವಖಾರದಲ್ಲಿ ಕೆಲಸ ಕಡಿಮೆಯಾಗಿ ಮನೆಗೆ ಕಳಿಸಿದ ಹೆಣ್ಣಿನ ನಷ್ಟ ಎಲ್ಲಿಯೂ ಬರುವುದಿಲ್ಲ.

ಇನ್ನು ಕಬ್ಬು. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಆ ಮೇಲೆ ಸಹಕಾರಿ, ಖಾಸಗಿ ಎಂದು ಒಂದರ ಬೆನ್ನಿಗೊಂದು ಚಿಮಣಿ ಎದ್ದವು. ಘಟಪ್ರಭೆಯ ಧೂಪದಾಳ ಒಡ್ಡು 1897ರದು, ಹಿಡಕಲ್ ಜಲಾಶಯ ಮುಗಿದದ್ದು 1977ರಲ್ಲಿ. ರಾಯಬಾಗ, ಚಿಕ್ಕೋಡಿ ಕಡೆಗೆ ಕಾಲುವೆ ನೀರು ಹರಿಯಿತು. ಕೃಷ್ಣೆ, ದೂಧಗಂಗೆಯ ದಂಡೆಗೆ ಪಂಪುಗಳು ಸಾಲುಗಟ್ಟಿ ಕೂತವು. ಒಂದು ಬೆಳೆ ಕಬ್ಬಿಗೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ಜೋಳಕ್ಕೆ 450ರಿಂದ 650 ಸಾಕು. 500-600 ಮಿಲಿಮೀಟರ್ ಮಳೆಯ ನಾಡಿನಲ್ಲಿ ಕಬ್ಬು ಬೆಳೆಯುವುದೆಂದರೆ ಮೂರು-ನಾಲ್ಕು ಹೊಲದ ಮಳೆಯನ್ನು ಒಂದು ಹೊಲಕ್ಕೆ ಎಳೆದುಕೊಳ್ಳುವುದು. ಎಳೆದುಕೊಳ್ಳುವವನಿಗೆ ಪಂಪು ಬೇಕು, ಪೈಪು ಬೇಕು, ಸೊಸೈಟಿಯ ಸಾಲ ಬೇಕು, ಎಲ್ಲಕ್ಕೂ ಮೊದಲು ಉತಾರ ಬೇಕು. ಹೆಚ್ಚು ನೀರು ಕುಡಿದ ಆ ಎರೆಭೂಮಿಯೇ ಎಷ್ಟೋ ಕಡೆ ಸವಳು-ಜವಳು ಬಡಿದು ಬೆಳ್ಳಗೆ ಉಪ್ಪು ಕಾರುತ್ತಿದೆ.

ಮತ್ತೆ ತೆಲಸಂಗ, ಐಗಳಿ, ಕೊಹಳ್ಳಿ, ಅನಂತಪುರದ ಕಡೆಯ ಒಣನೆಲದ ಕೂಲಿಯವರು? ಹಿಂಗಾರಿ ತಪ್ಪಿದರೆ ಅವರು ಹೊಳೆದಂಡೆಗೆ, ಕೊಲ್ಲಾಪುರ-ಸಾಂಗಲಿ ಕಡೆಗೆ ಕಬ್ಬು ಕಡಿಯಲು ಗ್ಯಾಂಗು ಕಟ್ಟಿಕೊಂಡು ಹೋಗುತ್ತಾರೆ. ಮುಕಾದಮನ ಹತ್ತಿರ ಮುಂಗಡ ಹಿಡಿದು ಗಂಡ-ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ. ಮಕ್ಕಳ ಸಾಲೆ ಅಲ್ಲಿಗೆ ಮುಗಿಯಿತು. ಬರ ಎಂಬುದು ಹೀಗೆ ಒಣಹೊಲದಿಂದ ನೀರಾವರಿ ಹೊಲಕ್ಕೆ ಅಗ್ಗದ ಆಳು ಒದಗಿಸುವ ಕಾಲುವೆಯೂ ಹೌದು. ಆ ಕಾಲುವೆಯ ನೀರು ಯಾವ ಬ್ಯಾಸಗಿಯಲ್ಲೂ ಬತ್ತಿಲ್ಲ.

ಒಂದೇ ವರ್ಷದಾಗ ಎರಡೂ

2016ರ ಏಪ್ರಿಲಿನಲ್ಲಿ ಕಾಗವಾಡದ ಮಗ್ಗುಲಿನ ಮಿರಜದಿಂದ ರೈಲಿನ ಟ್ಯಾಂಕರುಗಳಲ್ಲಿ ಕೃಷ್ಣೆಯ ನೀರು ತುಂಬಿ ಲಾತೂರಿಗೆ ಕಳಿಸಿದರು. ದೇಶವೆಲ್ಲ ಅದನ್ನು ನೋಡಿತು. 2019 ಇನ್ನೂ ವಿಚಿತ್ರ. ಮೇ ತಿಂಗಳಲ್ಲಿ ಕೃಷ್ಣೆಯ ಪಾತ್ರ ಬತ್ತಿ, ಚಿಕ್ಕೋಡಿ, ಅಥಣಿ, ರಾಯಬಾಗದ ಜನ ಕೊಯ್ನಾದಿಂದ ನೀರು ಬಿಡಿಸಿರಿ ಎಂದು ಕೂಗಿದರು. ಮೂರೇ ತಿಂಗಳಿಗೆ, ಆಗಸ್ಟಿನಲ್ಲಿ, ಅದೇ ಕೃಷ್ಣೆ ಊರೊಳಗೆ ಬಂತು. ಕಲ್ಲೋಳ, ಯಡೂರ, ಮಾಂಜರಿ, ಇಂಗಳಿ, ಕಾರದಗಾ, ಜುಗೂಳ, ಮಂಗಾವತಿ, ಕೃಷ್ಣಾ ಕಿತ್ತೂರ, ಕುಡಚಿ, ಸತ್ತಿ, ಸಪ್ತಸಾಗರ ಹೀಗೆ ದಂಡೆಯ ಊರುಗಳು ನೀರು ಕಂಡವು. ಕೆಳಗೆ ಆಲಮಟ್ಟಿಯಿಂದ ಹೊರಬಿಟ್ಟ ನೀರು ಐದು ಲಕ್ಷ ಕ್ಯೂಸೆಕ್ ದಾಟಿತು. ಎಲ್ಲಾ ಮಳೆ ಇಲ್ಲಿಯದಲ್ಲ, ಬಹುಪಾಲು ಘಟ್ಟದ ಮೇಲಿನದು. "ನಮ್ಮಲ್ಲಿ ಮಳಿ ಇಲ್ಲದಿದ್ರೂ ನಮ್ಮಲ್ಲಿ ಹೊಳಿ ಬರತೈತಿ" ಎಂಬ ದಂಡೆಯವರ ಮಾತು ಇದೇ. 2005ರಲ್ಲೂ ಬಂದಿತ್ತು, 2021ರ ಜುಲೈನಲ್ಲಿ ಮತ್ತೆ ಬಂತು. 2023ರಲ್ಲಿ ತಿರುಗಿ ಬರ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ.

ಇದು ಬರೀ ನಮ್ಮ ನಸೀಬಲ್ಲ. 1950ರಿಂದ 2015ರ ನಡುವೆ ಮಧ್ಯಭಾರತದ ವಿಶಾಲ ಪಟ್ಟಿಯಲ್ಲಿ ಅತಿ ಭಾರಿ ಮಳೆಯ ಪ್ರಸಂಗಗಳು ಮೂರು ಪಟ್ಟಾಗಿವೆ ಎಂದು 2017ರಲ್ಲಿ ಪ್ರಕಟವಾದ ವಿಜ್ಞಾನಿಗಳ ಅಧ್ಯಯನ ಹೇಳಿತು. ಒಟ್ಟು ಮಳೆ ಹೆಚ್ಚಿಲ್ಲ, ಬೀಳುವ ಹೊತ್ತಿನಲ್ಲಿ ಒಮ್ಮೆಲೇ ಬೀಳುತ್ತದೆ. ಭೂಮಿ ಬಿಸಿಯಾದಂತೆ ಗಾಳಿ ಹೆಚ್ಚು ಆವಿ ಹೊರುತ್ತದೆ, ಹೊತ್ತದ್ದನ್ನು ಒಂದೇ ಕಡೆ ಸುರಿಯುತ್ತದೆ. ಈ ಬಿಸಿಯನ್ನು ಹುಟ್ಟಿಸಿದ ಹೊಗೆಯಲ್ಲಿ ನಮ್ಮ ಕೇರಿಯ ಮೂರು ಕಲ್ಲಿನ ಒಲೆಯ ಪಾಲು ಎಷ್ಟು?

ನೆರೆ ಇಳಿದ ಮೇಲೆ ತಲಾಠಿ ಬರುತ್ತಾನೆ, ಪಂಚನಾಮೆ ಆಗುತ್ತದೆ. 2019ರಲ್ಲಿ ಮನೆಗೆ ನೀರು ಹೊಕ್ಕವರಿಗೆ ತುರ್ತಿಗೆ 10,000 ರೂಪಾಯಿ, ಪೂರಾ ಬಿದ್ದ ಮನೆಗೆ 5 ಲಕ್ಷ ಎಂದು ಸರಕಾರ ಸಾರಿತು. ಆದರೆ ಮನೆಯ ಜಾಗದ ಕಾಗದ ಎಲ್ಲಿ? ಊರ ತಗ್ಗಿನಲ್ಲಿ, ಹಳ್ಳದ ಅಂಚಿನಲ್ಲಿ, ಹಕ್ಕುಪತ್ರವಿಲ್ಲದೆ ಅಜ್ಜನ ಕಾಲದಿಂದ ಇದ್ದ ಮನೆ ದಾಖಲೆಯ ಪ್ರಕಾರ ಇಲ್ಲವೇ ಇಲ್ಲ. ಇಲ್ಲದ ಮನೆ ಬೀಳುವುದು ಹೇಗೆ? ಬೆಳೆಹಾನಿಯ ಹಣ ಉತಾರದ ಹೆಸರಿಗೆ. ಕೇಂದ್ರದ 2022ರ ಮಾನದಂಡದಂತೆ ಒಣಬೇಸಾಯಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000. ನೀರು ಇದ್ದವನಿಗೆ ಎರಡು ಪಟ್ಟು! ಪಾಲಿಗೆ ಹೊಲ ಮಾಡಿದವನು ಬೀಜ ತಂದ, ಗೊಬ್ಬರ ತಂದ, ಬೆವರು ಸುರಿಸಿದ. ಪರಿಹಾರ ಮಾತ್ರ ಊರು ಬಿಟ್ಟು ಪಟ್ಟಣ ಸೇರಿದ ಮಾಲಕನ ಖಾತೆಗೆ. ಕಬ್ಬು ನೀರಲ್ಲಿ ಕೊಳೆತರೆ ಕಡಿಯುವವನ ಒಂದು ಹಂಗಾಮಿನ ಕೂಲಿಯೂ ಕೊಳೆಯಿತು ಎಂದು ಯಾವ ಪಂಚನಾಮೆಯಲ್ಲಿ ಬರೆದರು? ಗಂಜಿ ಕೇಂದ್ರಕ್ಕೆ ಈಗ ಕಾಳಜಿ ಕೇಂದ್ರ ಎಂದು ಹೆಸರು ಬದಲಿಸಿದ್ದಾರೆ. ಟೆಂಪಲ್ಲನ ಒಂದು ಪೌಂಡಿನಿಂದ ಇಲ್ಲಿಯ ತನಕ ಕೂಲಿಯವನ ಬರದ ಹೆಸರು ಎಷ್ಟೋ ಸಲ ಬದಲಾಗಿದೆ.

ನಮ್ಮ ಕೆಲಸ

ಇಷ್ಟೆಲ್ಲ ಹೇಳಿದ ಮೇಲೆ ನಾವು ಒಕ್ಕಲು ಮಕ್ಕಳ ವೈರಿಗಳು ಎಂದು ಯಾರೂ ತಿಳಿಯಬೇಕಾಗಿಲ್ಲ. ಎರಡೆಕರೆ ಮಡ್ಡಿಯ ಒಕ್ಕಲಿಗನೂ ನಮ್ಮ ಹಾಗೆಯೇ ಮುಗಿಲು ನೋಡಿ ಕಣ್ಣು ಸೋತವನು. ನಮ್ಮ ಜಗಳ ಅಳೆಯುವ ಕೋಲಿನ ಜೊತೆ. ಹೊಲವನ್ನು ಮಾತ್ರ ಅಳೆದು ದುಡಿಮೆಯನ್ನು ಅಳೆಯದ ಕೋಲು ಅದು.

ಆದ್ದರಿಂದ ನಾವು ಕೇಳುವುದು ಹೆಚ್ಚೇನಲ್ಲ. ಬರ-ನೆರೆಯ ಪ್ರತಿ ಪಂಚನಾಮೆಯಲ್ಲಿ ಬೆಳೆಯ ನಷ್ಟದ ಪಕ್ಕದಲ್ಲೇ ಹೋದ ಕೂಲಿ ದಿನಗಳ ಕಾಲಮ್ಮು ಇರಲಿ, ಅದಕ್ಕೂ ಪರಿಹಾರ ಇರಲಿ. ಪಾಲಿಗೆ ಉಳುವವನ ಹೆಸರು ದಾಖಲೆಗೆ ಬರಲಿ. ತಗ್ಗಿನ ಕೇರಿಗಳಿಗೆ ಎತ್ತರದ ನೆಲದಲ್ಲಿ, ಹೆಣ್ಣುಮಕ್ಕಳ ಹೆಸರಿನಲ್ಲಿ, ಹಕ್ಕುಪತ್ರ ಸಿಗಲಿ. ಬ್ಯಾಸಗಿಯಲ್ಲಿ ಹೊಳೆಗೆ ಬಿಡುವ ನೀರು ಕಬ್ಬಿನ ಪಂಪಿಗೆ ಹೋಗುವ ಮೊದಲು ಕೇರಿಯ ಕೊಡಕ್ಕೆ ಬರಲಿ. ನೀರು ಮುಟ್ಟುವ ಹಕ್ಕಿಗಾಗಿ ಬಾಬಾಸಾಹೇಬರು ಮಹಾಡಕ್ಕೆ ನಡೆದರು. ನೀರಿನಲ್ಲಿ ಪಾಲು ಕೇಳುವ ನಡಿಗೆ ಇನ್ನೂ ಬಾಕಿ ಇದೆ. 2020ರ ತಿದ್ದುಪಡಿ ಹೊಲವನ್ನು ದುಡ್ಡಿದ್ದ ಯಾರೂ ಕೊಳ್ಳಬಹುದು ಎಂದು ಬಾಗಿಲು ತೆರೆದ ಮೇಲಂತೂ, ಒಂದೆರಡು ಬರ ಸಾಕು, ಉಳಿದ ಮಡ್ಡಿಯೂ ಕೈಬಿಟ್ಟು ಹೋಗಲು.

ಇನ್ನೊಂದು ಕೆಲಸ ಯಾವ ಸರಕಾರವನ್ನೂ ಕೇಳದೆ ನಾವೇ ಮಾಡುವಂಥದ್ದು. ನಮ್ಮ ಮನೆಗಳಲ್ಲಿ ಅಕ್ಷರ ಕಲಿತ ಮೊದಲ ತಲೆಮಾರು ನಾವು. ಪ್ರತಿ ಕೇರಿಗೆ ಹೋಗಿ ಮುದುಕರ ಮಗ್ಗುಲಲ್ಲಿ ಕೂತು ಕೇಳಬೇಕು: ಎಪ್ಪತ್ತೆರಡರಲ್ಲಿ ಏನು ತಿಂದಿರಿ? ಯಾವ ಊರಿಗೆ ಹೋದಿರಿ? ಯಾರು ಸತ್ತರು? ಹೊಲ ಯಾವ ವರ್ಷ ಯಾರ ಹೆಸರಿಗೆ ಹೋಯಿತು, ಎಷ್ಟು ಚೀಲ ಜೋಳಕ್ಕೆ? ಹೊಳೆ ಬಂದಾಗ ನಿಮ್ಮನ್ನು ಊರ ಗುಡಿಯೊಳಗೆ ಬಿಟ್ಟುಕೊಂಡರೆ? ಕೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಬೇಕು. ಮುದುಕರು ಒಬ್ಬೊಬ್ಬರೇ ಹೋಗುತ್ತಿದ್ದಾರೆ, ಈ ದಫ್ತರು ಅವರ ಜೊತೆಗೇ ಮಣ್ಣಾಗುತ್ತಿದೆ.

ತಾಲೂಕು ಕಚೇರಿಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇದೆ. ಅದರಲ್ಲಿ ಬಿದ್ದದ್ದನ್ನು ದಿನವೂ ಬರೆದಿಡುತ್ತಾರೆ. ಆ ಪುಸ್ತಕದ ಮಗ್ಗುಲಿಗೆ ನಮ್ಮ ಪುಸ್ತಕವೂ ಬಂದು ಕೂಡುವ ತನಕ ಈ ಸೀಮೆಯ ಮಳೆಯ ಚರಿತ್ರೆ ಅರ್ಧ ಚರಿತ್ರೆ. ಉಳಿದರ್ಧ ಬರೆಯಲು ಬೇರೆ ಯಾರೂ ಬರುವುದಿಲ್ಲ. ನಾವೇ ಬರೆಯಬೇಕು, ಬರುವ ಮಿರಗದ ಮೊದಲು.